ಗಣಕಯಂತ್ರದ ನಿದ್ರೆ



ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ರಾತ್ರಿ ಒಲೆಯನ್ನು ಪೂರ್ತಿ ಆರಿಸುತ್ತಿರಲಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿಟ್ಟರೆ, ಬೆಳಗ್ಗೆ ನಾಲ್ಕು ಪುರಲೆಯಿಟ್ಟು ಊದಿದೊಡನೆ ಉರಿ ಏಳುತ್ತಿತ್ತು. ಗಣಕಯಂತ್ರದ ನಿದ್ರೆ, ಎಂದರೆ ಸ್ಲೀಪ್ ಎಂಬ ಏರ್ಪಾಡು, ಇಂಥದೇ.

ನಾವು ತೆರೆದಿಟ್ಟ ಲೆಕ್ಕ, ಅರ್ಧ ಬರೆದ ಪತ್ರ ಎಲ್ಲವೂ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿರುತ್ತವೆ. ಈ ಸ್ಮೃತಿಗೆ ವಿದ್ಯುತ್ತೇ ಉಸಿರು. ನಿದ್ರೆಗೆ ಹೋದ ಯಂತ್ರವು ಪರದೆ, ಫ್ಯಾನು, ಡಿಸ್ಕುಗಳನ್ನು ನಿಲ್ಲಿಸಿ, ಸ್ಮೃತಿಯನ್ನು ಉಳಿಸುವಷ್ಟು ವಿದ್ಯುತ್ತನ್ನು ಮಾತ್ರ ಬಳಸುತ್ತದೆ. ಕೀಲಿಯೊಂದನ್ನು ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಬಿಟ್ಟ ಕೆಲಸ ಬಿಟ್ಟಲ್ಲಿಯೇ ಕಾಣಿಸುತ್ತದೆ.

ಉಳಿತಾಯವನ್ನು ನೋಡಿ. ಪರದೆಯೂ ಸೇರಿ 80 ವಾಟ್ ಬಳಸುವ ಯಂತ್ರವೊಂದು ದಿನವೂ ರಾತ್ರಿ 10 ಗಂಟೆ ಸುಮ್ಮನೆ ನಡೆದರೆ ತಿಂಗಳಿಗೆ 24 ಯೂನಿಟ್ ಆಯಿತು. ನಿದ್ರೆಯಲ್ಲಿ 2 ವಾಟ್ ಬಳಸುವುದಾದರೆ ಒಂದು ಯೂನಿಟ್ಟೂ ಆಗದು. ಪರದೆಯ ಮೇಲೆ ಚಿತ್ರಗಳು ಸುಳಿದಾಡುವುದು ಮಾತ್ರ ನಿದ್ರೆಯಲ್ಲ, ಅದರಿಂದ ಉಳಿತಾಯವಿಲ್ಲ.

ಆದರೆ ಹೆಗ್ಗದ್ದೆಯಂಥ ಘಟ್ಟದಂಚಿನ ಊರುಗಳಲ್ಲಿ ಇನ್ನೊಂದು ಮಾತುಂಟು. ಆಷಾಢದ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ, ಮೇಜಿನ ಮೇಲಿನ ಯಂತ್ರದ ಪಾಲಿಗೆ ಬೂದಿ ಮುಚ್ಚಿದ ಕೆಂಡಕ್ಕೆ ನೀರು ಸುರಿದಂತೆಯೇ ಸರಿ. ತೋಟದ ಆಳುಗಳ ಹಾಜರಿ, ವಾರದ ಬಟವಾಡೆಯ ಲೆಕ್ಕಗಳಲ್ಲಿ ಉಳಿಸದೆ ಬಿಟ್ಟಷ್ಟೂ ಹೋಯಿತು. ಒಬ್ಬ ಆಳಿನ ಒಂದು ದಿನದ ಕೂಲಿ ಲೆಕ್ಕದಿಂದ ತಪ್ಪಿದರೂ ಅದು ಸಣ್ಣ ನಷ್ಟವಲ್ಲ.

ಇದಕ್ಕೆ ಪರಿಹಾರ ಹೈಬರ್ನೇಟ್ ಎಂಬ ದೀರ್ಘನಿದ್ರೆ. ಇದರಲ್ಲಿ ಸ್ಮೃತಿಯಲ್ಲಿದ್ದುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುತ್ತದೆ. ಬಳಿಕ ಪ್ಲಗ್ ಕಿತ್ತರೂ ಬಾಧಕವಿಲ್ಲ. ಏಳಲು ತುಸು ಹೆಚ್ಚು ಹೊತ್ತು ಬೇಕು, ಅಷ್ಟೆ. ಈ ಎರಡು ಬಗೆಯ ನಿದ್ರೆಗೂ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪೆನಿಗಳು 1996ರಲ್ಲಿ ಎಸಿಪಿಐ ಎಂಬ ಸಮಾನ ನಿಯಮಾವಳಿಯನ್ನು ಪ್ರಕಟಿಸಿದವು. ಸ್ಮೃತಿಯನ್ನೂ ಉಳಿಸಿ, ಡಿಸ್ಕಿನಲ್ಲೂ ಬರೆದಿಡುವ ಮಿಶ್ರ ನಿದ್ರೆಯೂ ಹಲವು ಯಂತ್ರಗಳಲ್ಲುಂಟು.

ಆದುದರಿಂದ ಊಟಕ್ಕೆ ಏಳುವಾಗ ಬರೆದುದನ್ನು ಉಳಿಸಿ ನಿದ್ರೆ ಸಾಕು. ರಾತ್ರಿಗೆ ದೀರ್ಘನಿದ್ರೆ ಲೇಸು. ಯುಪಿಎಸ್ ಕೂಗತೊಡಗಿದರೆ ಬ್ಯಾಟರಿ ಮುಗಿಯುವ ಮೊದಲೇ ದೀರ್ಘನಿದ್ರೆಗೆ ಕಳುಹಿಸಿ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿಯಿದ್ದರೂ, ಎರಡು ಮೂರು ದಿನ ಕರೆಂಟು ಬಾರದಿದ್ದರೆ ಅದೂ ಬರಿದಾದೀತು. ಗುಡುಗು ಸಿಡಿಲಿನ ಸೂಚನೆ ಕಂಡರೆ ಮುಂಚೆಯೇ ಯಂತ್ರವನ್ನು ಪೂರ್ತಿ ಆರಿಸಿ ಪ್ಲಗ್ ತೆಗೆದಿಡುವುದು ಕ್ಷೇಮ.