ಉಗಿಯುಗದ ವೇಷ ತೊಟ್ಟ ಗಣಕಯಂತ್ರ

(ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಕೇಳುವ ನಿರೀಕ್ಷೆಯಿಂದ ಬಂದವರಿಗೆ ಇಂದಿನ ವಿಷಯ ಕೊಂಚ ವಿಚಿತ್ರವೆನಿಸೀತು. ಆದರೆ ಹರೆಯದ ಮಕ್ಕಳಿರುವ ಮನೆಯವರಿಗೆ ಇದು ತೀರ ಅಪರಿಚಿತವೇನಲ್ಲ. ಹಿತ್ತಾಳೆಯ ಹಲ್ಲುಚಕ್ರ, ತಾಮ್ರದ ಕೊಳವೆ, ಹೊಳಪು ಕೊಟ್ಟ ಮರದ ಪೆಟ್ಟಿಗೆ, ಒತ್ತಡ ತೋರಿಸುವ ಮುಳ್ಳಿನ ಮಾಪಕ, ಇವೆಲ್ಲದರ ನಡುವೆ ಇಂದಿನ ಗಣಕಯಂತ್ರವೊಂದನ್ನು ಕೂರಿಸುವ ಹವ್ಯಾಸವಿದು. ಇದಕ್ಕೆ ಸ್ಟೀಮ್‌ಪಂಕ್ ಎಂದು ಹೆಸರು. ನಮ್ಮ ನೆರೆಯಲ್ಲೇ, ರಾರಿಟನ್ ನದಿಯ ಆಚೆಗಿರುವ ಪಿಸ್ಕಾಟವೇಯಲ್ಲಿ, 2010ರ ದಶಕದಲ್ಲಿ ಇದೇ ಅಭಿರುಚಿಯವರ ‘ಸ್ಟೀಮ್‌ಪಂಕ್ ವರ್ಲ್ಡ್ಸ್ ಫೇರ್’ ಎಂಬ ಮೇಳ ಹಲವು ವರ್ಷ ನಡೆಯಿತು.

ಈ ಪದ ಹುಟ್ಟಿದ್ದು ಸಾಹಿತ್ಯದಲ್ಲಿ. 1987ರಲ್ಲಿ ಕೆ. ಡಬ್ಲ್ಯು. ಜೀಟರ್ ಎಂಬ ಲೇಖಕರು ತಾವೂ ತಮ್ಮ ಗೆಳೆಯರೂ ಬರೆಯುತ್ತಿದ್ದ, ವಿಕ್ಟೋರಿಯಾ ರಾಣಿಯ ಕಾಲದ ಹಿನ್ನೆಲೆಯುಳ್ಳ ಕಲ್ಪನಾಕಥೆಗಳಿಗೆ ತಮಾಷೆಯಾಗಿ ಈ ಹೆಸರನ್ನು ಸೂಚಿಸಿದರು. 1990ರಲ್ಲಿ ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಜೊತೆಗೂಡಿ ‘ದಿ ಡಿಫರೆನ್ಸ್ ಎಂಜಿನ್’ ಕಾದಂಬರಿಯನ್ನು ಪ್ರಕಟಿಸಿದರು. ಚಾರ್ಲ್ಸ್ ಬ್ಯಾಬೇಜ್ ಕನಸಿದ ಲೆಕ್ಕದ ಯಂತ್ರಗಳು ಅವನ ಕಾಲದಲ್ಲಿಯೇ ಪೂರ್ಣಗೊಂಡಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬುದು ಅದರ ಕಲ್ಪನೆ. ಇಲ್ಲೊಂದು ಸ್ವಾರಸ್ಯವಿದೆ. ಬ್ಯಾಬೇಜ್ 1840ರ ದಶಕದ ಕೊನೆಯಲ್ಲಿ ರೂಪಿಸಿ, ಕಾಗದದ ಮೇಲೆಯೇ ಉಳಿದುಹೋಗಿದ್ದ ಎರಡನೆಯ ಡಿಫರೆನ್ಸ್ ಎಂಜಿನ್ನಿನ ಲೆಕ್ಕದ ಭಾಗವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದವರು 1991ರಲ್ಲಿ ನಿಜವಾಗಿಯೂ ಕಟ್ಟಿ ಮುಗಿಸಿದರು. 2002ರಲ್ಲಿ ಮುದ್ರಣದ ಭಾಗವೂ ಸಿದ್ಧವಾಯಿತು. ಸುಮಾರು 8,000 ಬಿಡಿಭಾಗಗಳ, ಐದು ಟನ್ ತೂಕದ ಆ ಯಂತ್ರ ಕೈಹಿಡಿ ತಿರುಗಿಸಿದರೆ ತಪ್ಪಿಲ್ಲದೆ ಲೆಕ್ಕ ಮಾಡುತ್ತದೆ. ಅದರಲ್ಲಿ ಪ್ರತಿಯೊಂದು ಚಕ್ರಕ್ಕೂ ಒಂದು ಕೆಲಸವಿದೆ. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ.

ಕಾದಂಬರಿಯಿಂದ ಈ ಅಭಿರುಚಿ ಕುಶಲಿಗಳ ಕಾರ್ಯಾಗಾರಕ್ಕಿಳಿಯಿತು. 2007ರ ಸುಮಾರಿಗೆ ಜೇಕ್ ವಾನ್ ಸ್ಲಾಟ್ ಎಂಬ ಹೆಸರಿನಿಂದ ಪ್ರಸಿದ್ಧರಾದವರು ಐಬಿಎಂ ಸಂಸ್ಥೆಯ ಹಳೆಯ ಕೀಲಿಮಣೆಯೊಂದಕ್ಕೆ ಹಿತ್ತಾಳೆಯ ಚೌಕಟ್ಟನ್ನೂ ಬೆರಳಚ್ಚುಯಂತ್ರದ ದುಂಡನೆಯ ಕೀಲಿಗಳನ್ನೂ ಜೋಡಿಸಿದರು. ‘ಡೇಟಾಮ್ಯಾನ್ಸರ್’ ಎನಿಸಿಕೊಂಡ ರಿಚರ್ಡ್ ನ್ಯಾಗಿ ಮಡಿಲಗಣಕವೊಂದನ್ನು ಕೆತ್ತನೆಯ ಮರದ ಪೆಟ್ಟಿಗೆಯಲ್ಲಿ ಅಳವಡಿಸಿ, ಗಡಿಯಾರಕ್ಕೆ ಕೀಲಿ ಕೊಡುವಂತೆ ತಿರುಗಿಸಿದರೆ ಅದು ಚಾಲೂ ಆಗುವಂತೆ ಮಾಡಿದರು. 2009ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸ ಸಂಗ್ರಹಾಲಯವೇ ಇಂಥ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು.

ಇದರ ಆಕರ್ಷಣೆ ಎಲ್ಲಿದೆ? ಇಂದಿನ ಯಂತ್ರಗಳು ಬಾಯಿ ಮುಚ್ಚಿಕೊಂಡಿವೆ. ಬೆನ್ನು ಬಿಚ್ಚಲು ತಿರುಪೂ ಇಲ್ಲದ ನಯವಾದ ಹಲಗೆಯೊಳಗೆ ಏನು ನಡೆಯುತ್ತಿದೆಯೆಂಬುದು ಕಾಣುವುದಿಲ್ಲ, ಕೆಟ್ಟರೆ ಬಿಸಾಡಬೇಕು. ನಮ್ಮ ತಲೆಮಾರಿನವರು ಕಂಡದ್ದು ಬೇರೆ ಲೋಕ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಿಂದ ಕೈಗಡಿಯಾರಗಳು ಹೊರಬರತೊಡಗಿದ ಮೇಲೆ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಮಣಿಕಟ್ಟಿನಲ್ಲಿ, ಮದುವೆಯ ಗಂಡಿನ ಮಣಿಕಟ್ಟಿನಲ್ಲಿ ಅವು ಟಿಕ್ಕೆನ್ನುತ್ತಿದ್ದವು. ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆನ್ನು ಬಿಚ್ಚಿದರೆ ಒಳಗಿನ ಚಕ್ರಗಳು ಉಸಿರಾಡುವುದನ್ನು ನಾವು ಬೆರಗಿನಿಂದ ನೋಡುತ್ತಿದ್ದೆವು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಹಿತ್ತಾಳೆಯ ಚಕ್ರವನ್ನು ಹುಡುಕಿಕೊಂಡು ಹೋಗುವಾಗ ಆ ಬೆರಗನ್ನೇ ಹುಡುಕುತ್ತಿದ್ದಾರೆಂದು ನಮಗನ್ನಿಸುತ್ತದೆ. ಯಂತ್ರವನ್ನು ಸಿಂಗರಿಸುವುದೂ ನಮಗೆ ಹೊಸತಲ್ಲವಷ್ಟೆ. ಆಯುಧಪೂಜೆಯ ದಿನ ಗಣಕದ ಪರದೆಗೂ ಕುಂಕುಮವಿಟ್ಟು ಸೇವಂತಿಗೆ ಮುಡಿಸುವ ಜನ ನಾವು.

ಆಕ್ಷೇಪಗಳೂ ಗಟ್ಟಿಯಾದವೇ. ಮೊದಲನೆಯದು ತಾಂತ್ರಿಕ. ಮರ ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಗಾಳಿಯಾಡುವ ದಾರಿಯಿಲ್ಲದ ಚೆಂದದ ಪೆಟ್ಟಿಗೆಯಲ್ಲಿ ಗಣಕ ಬೇಯುತ್ತದೆ. ಹಿತ್ತಾಳೆ ವಿದ್ಯುತ್ತನ್ನು ಹರಿಸುವ ಲೋಹ; ಅದರ ಚೂರೊಂದು ಒಳಗೆ ಉದುರಿದರೆ ಶಾರ್ಟ್ ಸರ್ಕ್ಯೂಟ್ ಆದೀತು. ಸುತ್ತ ಲೋಹದ ಕವಚ ಹೊದಿಸಿದರೆ ನಿಸ್ತಂತು ಸಂಪರ್ಕ ಕುಂಠಿತವಾಗುತ್ತದೆ. ಎರಡನೆಯದು ಸೌಂದರ್ಯಕ್ಕೆ ಸಂಬಂಧಿಸಿದ್ದು. ಅಂಟುಹಾಕಿ ಮೆತ್ತಿದ, ತಿರುಗದ ಚಕ್ರ ಬರೀ ಹೂರಣವಿಲ್ಲದ ಹೋಳಿಗೆ. ನಮ್ಮ ಬೀದರಿನ ಬಿದರಿ ಕೆಲಸದಲ್ಲಿ ಬೆಳ್ಳಿಯ ತಂತಿಯನ್ನು ಮೇಲೆ ಅಂಟಿಸುವುದಿಲ್ಲ; ಲೋಹದಲ್ಲಿ ಕೊರೆದ ಗೀರಿನೊಳಕ್ಕೆ ಬಡಿದು ಕೂರಿಸುತ್ತಾರೆ. ಅಲ್ಲಿ ಅಲಂಕಾರವೂ ವಸ್ತುವೂ ಒಂದಾಗಿರುತ್ತವೆ.

ಮೂರನೆಯ ಆಕ್ಷೇಪ ಇತಿಹಾಸದ್ದು. ನಮಗೆ ವಿಶೇಷವಾಗಿ ತಟ್ಟಬೇಕಾದದ್ದು. ಕೋಟು, ಎತ್ತರದ ಟೊಪ್ಪಿಗೆ, ಹಿತ್ತಾಳೆಯ ಕನ್ನಡಕದ ಆ ಉಗಿಯುಗ ಬ್ರಿಟಿಷ್ ಸಾಮ್ರಾಜ್ಯದ ಯುಗವೂ ಆಗಿತ್ತು. ಲ್ಯಾಂಕಷೈರಿನ ಉಗಿಮಗ್ಗಗಳ ಬಟ್ಟೆ ಬಂದಾಗ ನಮ್ಮ ನೂಲುವವರ, ನೇಯುವವರ ಅನ್ನಕ್ಕೆ ಕಲ್ಲು ಬಿತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯಂತ್ರ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಆಳಕ್ಕಿಳಿದದ್ದು ನಮ್ಮ ಸೀಮೆಯ, ನೆರೆಸೀಮೆಯ ಬಡವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ಹರಿದು ಆ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಬಂದ ಮೇಲೆ. ಆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಇದೇ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್. ಇಲ್ಲಿಗೆ ಅನತಿದೂರದ ಮೆನ್ಲೊ ಪಾರ್ಕಿನಲ್ಲಿ ಪ್ರಯೋಗಶಾಲೆ ನಡೆಸಿದ್ದ ಎಡಿಸನ್ನನ ಉದ್ಯಮಗಳೂ ಸೇರಿ ಆದ ಸಂಸ್ಥೆ ಅದು. ಆ ಕಾಲದ ವೇಷ ತೊಡುವ ಮಗುವಿಗೆ ಈ ಕಥೆಯನ್ನೂ ಹೇಳಬೇಕು. ವೇಷ ತೊಡಬೇಡವೆಂದಲ್ಲ, ತಿಳಿದು ತೊಡಲೆಂದು.

ನಾಲ್ಕನೆಯ ಆಕ್ಷೇಪವನ್ನು ಒಂದು ಪ್ರಸಂಗದ ಮೂಲಕ ಹೇಳಬಯಸುತ್ತೇವೆ. ಕೀಲಿಗಳಿಗಾಗಿ ಹಳೆಯ ಬೆರಳಚ್ಚುಯಂತ್ರಗಳನ್ನು ಕತ್ತರಿಸುವ ರೂಢಿ ಬೆಳೆದಿದೆ. ಸಂಗ್ರಾಹಕರು ಇದಕ್ಕಾಗಿ ನೊಂದುಕೊಳ್ಳುತ್ತಾರೆ. ನಮ್ಮ ಬಂಧುಗಳ ಮನೆಯಲ್ಲಿ ಅಂಥದೊಂದು ಯಂತ್ರವಿದೆ, ಅದೂ ಕನ್ನಡದ್ದು. ಮನೆಯ ಯಜಮಾನರ ತಂದೆ ಶಿವಮೊಗ್ಗದ ನ್ಯಾಯಾಲಯದ ಮುಂದೆ ಕುಳಿತು ಅರ್ಜಿಗಳನ್ನು ಬೆರಳಚ್ಚು ಮಾಡಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಂತ್ರ ಇಲ್ಲಿಗೆ ಬಂದು ನೆಲಮಾಳಿಗೆಯಲ್ಲಿತ್ತು. ಹೈಸ್ಕೂಲು ಓದುವ ಮೊಮ್ಮಗ ಅದರ ಕೀಲಿಗಳನ್ನು ಕತ್ತರಿಸಿ ತನ್ನ ಗಣಕದ ಕೀಲಿಮಣೆಗೆ ಹಾಕಿಕೊಳ್ಳುತ್ತೇನೆಂದ. ತಂದೆ ಗದರಿದರು, ಹುಡುಗ ಮುನಿದ. ಊರಿನಿಂದ ಬಂದಿದ್ದ ಅಜ್ಜಿ ಮಾತ್ರ ಶಾಂತವಾಗಿ, “ಈ ಕೀಲಿಗಳ ಮೇಲೇ ನಿಮ್ಮಪ್ಪನ ಓದು ನಡೀತು ಕಣೋ. ಕತ್ತರಿಸೋ ಮುಂಚೆ ಒಂದ್ಸಲ ಇದರಲ್ಲಿ ‘ಅಜ್ಜಿ’ ಅಂತ ಹೊಡೆದು ತೋರಿಸು” ಎಂದರು.

ಹುಡುಗನಿಗೆ ಆಗಲಿಲ್ಲ. ಬೆರಳಚ್ಚುಯಂತ್ರ ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರ ಮೂಡಿಸುತ್ತದೆ: ಮೊದಲು ‘ಅ’, ಅನಂತರ ‘ಜಿ’, ಕೊನೆಗೆ ಕೆಳಗಿನ ಒತ್ತು. ಗಣಕ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ: ‘ಅ’, ಅರ್ಧ ‘ಜ’, ಇನ್ನೊಂದು ‘ಜ’, ಕೊನೆಯಲ್ಲಿ ಇಕಾರ. ಈ ವ್ಯತ್ಯಾಸ ತಿಳಿದೊಡನೆ ಹುಡುಗನ ಆಸಕ್ತಿ ಬೇರೆಡೆಗೆ ತಿರುಗಿತು. ಒಂದು ಕೀಲಿಯನ್ನೂ ಕತ್ತರಿಸದೆ, ಕೆಳಗೆ ತೆಳ್ಳನೆಯ ಸಂವೇದಕಗಳನ್ನಿಟ್ಟು, ಇಡೀ ಯಂತ್ರವನ್ನೇ ಗಣಕಕ್ಕೆ ಜೋಡಿಸಲು ತೊಡಗಿದ್ದಾನೆ. ಕಾಣುವ ಕ್ರಮವನ್ನು ಉಚ್ಚಾರದ ಕ್ರಮಕ್ಕೆ ತಿರುಗಿಸುವ ಕ್ರಮವಿಧಿಯನ್ನು ತಾನೇ ಬರೆಯುತ್ತಿದ್ದಾನೆ. ಅದಕ್ಕಾಗಿ ಕಾಗುಣಿತವನ್ನೂ ಒತ್ತಕ್ಷರವನ್ನೂ ಅಜ್ಜಿಯ ಬಳಿ ಕುಳಿತು ಕಲಿಯಬೇಕಾಯಿತು. ನಾವು ಕಳೆದ ಬಾರಿ ಹೋದಾಗ ಕೆಲಸ ಮುಗಿದಿರಲಿಲ್ಲ. ‘ಸ್ತ್ರೀ’ ಎಂಬಂಥ ಪದಗಳು ಇನ್ನೂ ತಕರಾರು ಮಾಡುತ್ತಿದ್ದವು. ಆದರೆ ‘ಅಜ್ಜಿ’ ಪರದೆಯ ಮೇಲೆ ಸರಿಯಾಗಿ ಮೂಡುತ್ತಿತ್ತು.

ಬಂಧುಗಳೆ, ಹಳೆಯದನ್ನು ಪ್ರೀತಿಸುವುದರಲ್ಲಿ ಎರಡು ಬಗೆಯಿದೆಯೆಂದು ಆ ನೆಲಮಾಳಿಗೆಯಲ್ಲಿ ನಮಗೆ ಮನದಟ್ಟಾಯಿತು. ಒಂದು, ಅದರ ಚರ್ಮವನ್ನು ಸುಲಿದು ಹೊದ್ದುಕೊಳ್ಳುವುದು. ಇನ್ನೊಂದು, ಅದು ಕೆಲಸ ಮಾಡುವ ಬಗೆಯನ್ನು ಅರಿತು ಮತ್ತೆ ಕೆಲಸಕ್ಕೆ ಹಚ್ಚುವುದು. ಹಜಾರದ ಗಾಜಿನ ಕಪಾಟಿನಲ್ಲಿ ಹಿತ್ತಾಳೆಯ ಚೊಂಬನ್ನೂ ಓದದ ಕನ್ನಡ ಪುಸ್ತಕವನ್ನೂ ಜೋಡಿಸಿಟ್ಟಿರುವ ನಾವು ಮಕ್ಕಳನ್ನು ಆಕ್ಷೇಪಿಸುವ ಮುನ್ನ ನಮ್ಮನ್ನೇ ಕೇಳಿಕೊಳ್ಳಬೇಕು: ನಾವು ಹೊತ್ತು ತಂದ ಚಕ್ರಗಳಲ್ಲಿ ಎಷ್ಟು ತಿರುಗುತ್ತಿವೆ, ಎಷ್ಟು ಬರಿದೇ ಅಂಟಿಕೊಂಡಿವೆ?