ದೀರ್ಘಕಾಲದ ನೋವು ಮತ್ತು ನಾಲ್ವರ ಹೆಗಲು

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದರು. ಆ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಆದುದರಿಂದ ನಾವು ಇಂದು ಟೊಂಕನೋವನ್ನು ಕುರಿತು ಮಾತನಾಡುತ್ತೇವೆ. ತಾವು ನಗುತ್ತಿದ್ದೀರಿ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮನೆಗಳಿಗೆ ಭೇಟಿ ಕೊಡುವಾಗ ನಮ್ಮ ಕಿವಿಗೆ ಅತ್ಯಂತ ಹೆಚ್ಚು ಸಲ ಬಿದ್ದಿರುವ ಮಾತು ಜಪದ್ದೂ ಅಲ್ಲ, ಜಗಳದ್ದೂ ಅಲ್ಲ. "ಬ್ಯಾನಿ ಬಿಡವಲ್ದರೀ ಫಾದರ್" ಎಂಬುದೇ ಆ ಮಾತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಘಟಪ್ರಭೆಯ ನೀರು ಕುಡಿದು ಬೆಳೆಯುವ ಕಬ್ಬನ್ನು ಕಡಿಯುವವರು ಬೆನ್ನು ಬಗ್ಗಿಸಿಯೇ ಕಡಿಯಬೇಕು. ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆ ಹತ್ತಿ ಲಾರಿಗೆ ಏರಿಸಬೇಕು. ಗೋಕಾಕ ಜಲಪಾತದ ಮಗ್ಗುಲಿನ ಗಿರಣಿಯಲ್ಲಿ ಜೀವಮಾನವೆಲ್ಲ ನಿಂತೇ ದುಡಿದು ನಿವೃತ್ತರಾದವರ ಮೊಣಕಾಲುಗಳ ಕಥೆ ಬೇರೆ. ಮನೆಯಲ್ಲಿ ನೆಲಕ್ಕೆ ಕುಳಿತು ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವ ತಾಯಂದಿರ ಕುತ್ತಿಗೆ, ಭುಜಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೊಸ ನೋವು ಒಳ್ಳೆಯ ಕಾವಲುಗಾರ. ಮುಳ್ಳು ಚುಚ್ಚಿತೆಂದು, ಮೂಳೆ ಮುರಿಯಿತೆಂದು ಎಚ್ಚರಿಸುತ್ತದೆ. ಆದರೆ ಮೂರು ತಿಂಗಳು ಕಳೆದರೂ ಬಿಡದ ನೋವಿನ ಸ್ವಭಾವವೇ ಬೇರೆ ಎಂದು ವೈದ್ಯರು ಹೇಳುತ್ತಾರೆ. ಎಷ್ಟೋ ಜನರಲ್ಲಿ ಪೆಟ್ಟು ಮಾಗಿರುತ್ತದೆ. ನರಮಂಡಲ ಮಾತ್ರ ಅತಿಸೂಕ್ಷ್ಮವಾಗಿ, ಕಳ್ಳ ಹೋದ ಮೇಲೂ ಬೊಗಳುವ ನಾಯಿಯಂತೆ, ಅಪಾಯವೆಂದು ಕೂಗುತ್ತಲೇ ಇರುತ್ತದೆ. ನೋವು ಸುಳ್ಳಲ್ಲ, ನಟನೆಯಲ್ಲ. ಆದರೆ ನೋಯುವ ಜಾಗದಲ್ಲಿ ಹುಡುಕಿದರೆ ಕಾರಣ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಅದು 2022ರಿಂದ ಜಾರಿಗೆ ಬಂದಿದೆ.

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ತಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ. ಮೂಡಲಗಿ ಕಡೆಯ ಒಬ್ಬ ಸಹೋದರಿ, ಹೆಸರು ಹೇಳುವುದಿಲ್ಲ, ಕಬ್ಬಿನ ಗ್ಯಾಂಗಿನಲ್ಲಿ ದುಡಿಯುತ್ತಿದ್ದವರು, ಬೆನ್ನುನೋವಿನ ವಿಷಯವನ್ನು ನಮ್ಮ ಬಳಿ ಮೂರು ನಾಲ್ಕು ಸಲ ಹೇಳಿಕೊಂಡಿದ್ದರು. ಪ್ರತಿ ಸಲವೂ ನಾವು, "ಪ್ರಭುವಿನ ಶಿಲುಬೆಯ ಜೊತೆ ಅರ್ಪಿಸಮ್ಮ" ಎಂದು ಹೇಳಿ, ತಲೆಯ ಮೇಲೆ ಕೈಯಿಟ್ಟು ಕಳುಹಿಸಿದೆವು. ಆಮೇಲೆ ಅವರು ಹೇಳುವುದನ್ನೇ ಬಿಟ್ಟರು. ನೋವು ಹೋಯಿತೆಂದು ನಾವು ಭಾವಿಸಿದೆವು. ಹೋದದ್ದು ನಮ್ಮ ಮೇಲಿನ ನಂಬಿಕೆ. ಎರಡು ವರ್ಷಗಳ ಬಳಿಕ ನೋಡಿದಾಗ ಅವರ ಮುಖ ಚಂದ್ರನಂತೆ ಗುಂಡಗೆ ಊದಿಕೊಂಡಿತ್ತು. ಸಂತೆಯಲ್ಲಿ ಕಾಗದದ ಪುಡಿಕೆಯಲ್ಲಿ ಕಟ್ಟಿಕೊಡುತ್ತಿದ್ದ, ಹೆಸರಿಲ್ಲದ ಗುಳಿಗೆಗಳನ್ನು ಅವರು ದಿನವೂ ನುಂಗುತ್ತಿದ್ದರು. ಅದರಲ್ಲಿ ಸ್ಟೀರಾಯ್ಡ್ ಇದ್ದಿರಬೇಕೆಂದು ವೈದ್ಯರು ಹೇಳಿದರು. ಅದನ್ನು ಒಮ್ಮೆಲೇ ನಿಲ್ಲಿಸಿದರೂ ಪ್ರಾಣಾಪಾಯವಿದೆಯೆಂದು, ಹಂತಹಂತವಾಗಿ ಇಳಿಸಿದರು. ಅಂಗಡಿಯಲ್ಲಿ ಕೇಳಿ ಪಡೆಯುವ ಸಾಧಾರಣ ನೋವಿನ ಗುಳಿಗೆಗಳೂ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ ಎಂಬುದನ್ನು ತಾವು ಮನೆಯಲ್ಲಿ ಹೇಳಬೇಕು.

ನೋವನ್ನು ಕಡಿಮೆ ಮಾಡಿಕೊಳ್ಳುವುದು ವಿಶ್ವಾಸದ ಕೊರತೆಯೇ? ಹಾಗೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. 1957ರ ಫೆಬ್ರುವರಿಯಲ್ಲಿ ಅರಿವಳಿಕೆ ತಜ್ಞರು ಇದೇ ಪ್ರಶ್ನೆಯನ್ನು ಕೇಳಿದಾಗ, ನೋವನ್ನು ಶಮನಗೊಳಿಸಿಕೊಳ್ಳಲು ಕ್ರೈಸ್ತನಿಗೆ ಅಡ್ಡಿಯಿಲ್ಲವೆಂದು ಜಗದ್ಗುರು ಹನ್ನೆರಡನೆಯ ಪಿಯುಸರು ಸ್ಪಷ್ಟಪಡಿಸಿದರು. ಸಂಕಟದ ಅರ್ಥವನ್ನು ಕುರಿತು ಎರಡನೆಯ ಜಾನ್ ಪೌಲರು 1984ರಲ್ಲಿ ಬರೆದ ಪತ್ರವು ಶಿಲುಬೆಯ ಧ್ಯಾನದಲ್ಲಿ ತೊಡಗಿ, ಕೊನೆಗೆ ಬಂದು ಮುಟ್ಟುವುದು ಗಾಯಗೊಂಡವನ ಬಳಿ ನಿಂತ ಸಮಾರಿಯದವನನ್ನು. ಸೆಮಿನರಿಯಲ್ಲಿ ಇದನ್ನೆಲ್ಲ ಓದಿಸಿದ್ದರೂ ನಮಗೆ ಆ ಸಹೋದರಿಯ ಮುಂದೆ ನೆನಪಾಗಲಿಲ್ಲ.

ನೋವಿಗೆ ಒಬ್ಬನೇ ವೈದ್ಯ ಸಾಲದು ಎಂಬ ವಿಚಾರವನ್ನು ವೈದ್ಯಲೋಕಕ್ಕೆ ಗಟ್ಟಿಯಾಗಿ ಹೇಳಿದವರು ಒಬ್ಬ ಕುಸ್ತಿ ಪೈಲ್ವಾನರೆಂದರೆ ಗರಡಿಮನೆಗಳ ಈ ಸೀಮೆಯವರಾದ ತಮಗೆ ಸಂತೋಷವಾದೀತು. ಜಾನ್ ಬೋನಿಕಾ ಎಂಬುವರು ಇಟಲಿಯಲ್ಲಿ ಹುಟ್ಟಿ ಅಮೇರಿಕೆಗೆ ಹೋಗಿ, ಕುಸ್ತಿಯಾಡಿ ಗಳಿಸಿದ ಹಣದಿಂದ ವೈದ್ಯಕೀಯ ಓದಿದರು. ಅಖಾಡದಲ್ಲಿ ತಿಂದ ಪೆಟ್ಟುಗಳ ನೋವು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರನ್ನು ನೋಡಿಕೊಳ್ಳುವಾಗ, ಗಾಯ ಮಾಗಿದರೂ ನೋವು ಮಾಗದವರ ವಿಷಯದಲ್ಲಿ ಅವರಿಗೆ ದಾರಿ ತೋಚಲಿಲ್ಲ. ಬೇರೆ ಬೇರೆ ವಿಭಾಗದ ವೈದ್ಯರನ್ನು ಕೂಡಿಸಿಕೊಂಡು ಒಬ್ಬೊಬ್ಬ ರೋಗಿಯ ಬಗೆಗೂ ಒಟ್ಟಿಗೆ ಚರ್ಚಿಸತೊಡಗಿದರು. 1953ರಲ್ಲಿ ಈ ಬಗ್ಗೆ ದೊಡ್ಡ ಗ್ರಂಥ ಬರೆದರು. ಮುಂದೆ ಸಿಯಾಟಲ್ ನಗರದಲ್ಲಿ ಹಲವು ತಜ್ಞರು ಕೂಡಿ ನೋಡುವ ನೋವಿನ ಚಿಕಿತ್ಸಾಲಯವನ್ನು ಕಟ್ಟಿದರು.

ನಮ್ಮ ದೇಶದಲ್ಲಿ ಪುನರ್ವಸತಿಯ ಹೆಸರೆತ್ತಿದರೆ ವೆಲ್ಲೂರಿನ ಡಾ. ಮೇರಿ ವರ್ಗೀಸರನ್ನು ನೆನೆಯದಿರಲಾಗದು. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಿದ ಆ ತರುಣ ವೈದ್ಯೆ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಲು ಕಾರಣರಾದರು.

ಸರಿ, ಆದರೆ ನಮ್ಮ ಊರಲ್ಲಿ ವೆಲ್ಲೂರು ಎಲ್ಲಿದೆ? ಬೆಳಗಾವಿಗೆ ಹೋಗಿ ಬರುವುದೆಂದರೆ ಕೂಲಿಕಾರನಿಗೆ ಒಂದು ದಿನದ ಪಗಾರ ಹೋಯಿತು, ಬಸ್ಸಿನ ದುಡ್ಡು ಬೇರೆ. ಆದುದರಿಂದ ಆ ಸಹೋದರಿಗಾಗಿ ಇಲ್ಲಿ ಇದ್ದವರನ್ನೇ ಒಂದು ತಂಡವಾಗಿ ಹೆಣೆಯಬೇಕಾಯಿತು. ತಾಲೂಕು ಆಸ್ಪತ್ರೆಯ ವೈದ್ಯರು ಮೊದಲು ಅಪಾಯದ ರೋಗಗಳಿಲ್ಲವೆಂದು ಖಚಿತಪಡಿಸಿಕೊಂಡರು. ಇದು ಬಹು ಮುಖ್ಯ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹತೋಟಿ ತಪ್ಪಿದರೆ, ಜ್ವರ ಬಂದು ಮೈ ಇಳಿದರೆ ಒಂದು ದಿನವೂ ಕಾಯಬಾರದು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ. ಆಮೇಲೆ ಫಿಜಿಯೋಥೆರಪಿಯವರು ನಾಲ್ಕೇ ನಾಲ್ಕು ವ್ಯಾಯಾಮ ಕಲಿಸಿದರು. ದಾದಿಯಾಗಿ ದುಡಿದ ಒಬ್ಬ ಸಿಸ್ಟರ್ ವಾರಕ್ಕೊಮ್ಮೆ ಮನೆಗೆ ಹೋಗಿ ನಿದ್ರೆ, ದುಃಖ, ಭಯಗಳನ್ನು ವಿಚಾರಿಸಿದರು. ಊರಿನ ಆಶಾ ಕಾರ್ಯಕರ್ತೆ ಗುಳಿಗೆಗಳ ಮೇಲೆ ಕಣ್ಣಿಟ್ಟರು. ಅಂಗವಿಕಲತೆಯೂ ಇರುವವರಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಕೇಳಿಕೊಳ್ಳಬಹುದು.

ಇವರೆಲ್ಲ ಒಂದೇ ಸೂರಿನಡಿ ಕೂಡುವವರಲ್ಲ. ಅವರನ್ನು ಕೂಡಿಸಿದ್ದು ನಲವತ್ತು ಪುಟದ ಒಂದು ನೋಟ್‌ಬುಕ್ಕು. ಯಾರ ಬಳಿ ಹೋದರೂ ಅದನ್ನು ಒಯ್ಯುವುದು, ಅವರು ಹೇಳಿದ್ದನ್ನು ಅದರಲ್ಲೇ ಬರೆಸುವುದು. ಬರೆಯಲು ಬಾರದ ತಾಯಿಯ ಪರವಾಗಿ ಏಳನೆಯ ತರಗತಿಯ ಮಗಳು ಬರೆದಳು. ನೋವು ಎಷ್ಟಿತ್ತೆಂದು ದಿನವೂ ಬರೆಯುವುದನ್ನು ಫಿಜಿಯೋಥೆರಪಿಯವರು ಬೇಡವೆಂದರು. ಏನು ಮಾಡಿದೆ ಎಂದು ಬರೆಯಬೇಕು. ಏಕೆಂದರೆ ಆಕೆ, ನಮ್ಮಲ್ಲಿ ಬಹಳ ಜನ ಮಾಡುವಂತೆ, ಹಗುರವಾದ ದಿನ ಮನೆಯ ಕೆಲಸವೆಲ್ಲ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದರು. ಹೀಗೆ ಮಲಗಿದಷ್ಟೂ ಸ್ನಾಯು ಸಡಿಲವಾಗಿ, ಏಳಲು ಹೆದರಿಕೆಯಾಗಿ, ನೋವು ಹೆಚ್ಚುತ್ತದೆ. ಈಗ ಒಳ್ಳೆಯ ದಿನವೂ ಆರು ನಿಮಿಷ ನಡಿಗೆ, ಕೆಟ್ಟ ದಿನವೂ ಆರು ನಿಮಿಷ. ವಾರ ಕಳೆದ ಮೇಲೆ ಏಳು. ರೊಟ್ಟಿ ಬಡಿಯಲು ಒಲೆ, ಕೊಣಮಿಗೆಗಳನ್ನು ನೆಲದಿಂದ ಕಟ್ಟೆಯ ಮೇಲಕ್ಕೆ ಏರಿಸಿದ್ದಾಯಿತು. ಅತ್ತೆಗೆ ಇದು ಹಿಡಿಸಲಿಲ್ಲ. ಒಂದು ತಿಂಗಳು ಗೊಣಗಿ, ಆಮೇಲೆ ಅವರೂ ನಿಂತೇ ಬಡಿಯತೊಡಗಿದರಂತೆ. ಗ್ಯಾಂಗಿನ ಮುಕಾದಮನನ್ನು ನಾವೇ ಹೋಗಿ ಕಂಡು, ಹೊರೆ ಹೊರಿಸುವುದನ್ನು ಬಿಟ್ಟು ಹೊರೆ ಕಟ್ಟುವ ಕೆಲಸ ಕೊಡಲು ಕೇಳಿಕೊಂಡೆವು. ಗಂಡನಿಗೆ ಸಿಸ್ಟರ್ ಹೇಳಿದ್ದು ಎರಡೇ ಮಾತು: ಬೈಯಬೇಡ, ಎಲ್ಲವನ್ನೂ ನೀನೇ ಮಾಡಿಕೊಡಲೂ ಬೇಡ.

ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನಸಂದಣಿ ಎಂದು ಛಾವಣಿಯನ್ನೇ ತೆಗೆದು ಇಳಿಸುತ್ತಾರೆ. ನಮ್ಮ ಸೀಮೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಆ ಮೇಲ್ಮುದ್ದೆಯ ಮಣ್ಣು ಬಗೆದ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಮನೆಯ ಯಜಮಾನ ಏನೆಂದನೋ ಬರೆದಿಲ್ಲ. ಮೂವರಾಗಿದ್ದರೆ ಹಾಸಿಗೆ ಒಂದು ಮೂಲೆಗೆ ವಾಲುತ್ತಿತ್ತು. ಆ ನಾಲ್ಕನೆಯ ಮೂಲೆಯನ್ನು ನಾವು ಎರಡು ವರ್ಷ ಬಿಟ್ಟುಕೊಟ್ಟಿದ್ದೆವು.

ಆ ಸಹೋದರಿಯ ನೋವು ಪೂರ್ತಿ ಹೋಗಿಲ್ಲ. ಹೋಗುತ್ತದೆಂದು ತಂಡದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಒಮ್ಮೆ ಮತ್ತೆ ಕೆರಳಿ ಹತ್ತು ದಿನ ಕಾಡಿತು. ನೋಟ್‌ಬುಕ್ಕು ತೆಗೆದು, ಹಿಂದಿನ ಸಲ ಹೇಗೆ ಎದ್ದೆವೆಂದು ಮಗಳು ಓದಿ ಹೇಳಿದಳಂತೆ. ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಸಿಕ್ಕರು. ಹೇಗಿದ್ದೀರಮ್ಮ ಎಂದೆವು.

"ಬ್ಯಾನಿ ಐತ್ರೀ ಫಾದರ್. ಆದ್ರ ಇಪ್ಪತ್ತು ರೊಟ್ಟಿ ಬಡದು, ಬಸ್ ಸ್ಟ್ಯಾಂಡಿನಿಂದ ನಡಕೋತ ಬಂದೀನಿ."