ಓಡಿದರೂ ಇಳಿಯದ ತೂಕ



ಬೆಳಗಿನ ಐದೂವರೆಗೆ ಎದ್ದು ಮೈದಾನಕ್ಕೆ ಬರುವ ಹುಡುಗ ಹುಡುಗಿಯರನ್ನು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದೇನೆ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು ನಾನು. ಗುಡ್ಡಗಾಡು ಓಟ, ಐದು ಸಾವಿರ ಮೀಟರ್, ಹತ್ತು ಸಾವಿರ ಮೀಟರ್, ದೂರದ ಸೈಕಲ್ ಸ್ಪರ್ಧೆ, ಹೀಗೆ ದಮ್ಮು ಬೇಡುವ ಆಟಗಳಿಗೆ ತಯಾರಾಗುತ್ತಿದ್ದವರು ನನ್ನ ಬಳಿ ಬಗೆಬಗೆಯ ಪ್ರಶ್ನೆಗಳನ್ನು ತರುತ್ತಿದ್ದರು. ಅವುಗಳಲ್ಲಿ ಒಂದು ಮಾತ್ರ ಪ್ರತಿ ವರ್ಷವೂ ತಪ್ಪದೆ ಬರುತ್ತಿತ್ತು. "ಸಾರ್, ದಿನಾ ಇಷ್ಟು ಓಡ್ತೀನಿ, ತೂಕ ಯಾಕೆ ಇಳೀತಿಲ್ಲ?"

ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ.

ನಾವು ಬಾಯಿಮಾತಿನಲ್ಲಿ ಕ್ಯಾಲರಿ ಎನ್ನುವುದು ವಾಸ್ತವವಾಗಿ ವಿಜ್ಞಾನದ ಕಿಲೋಕ್ಯಾಲರಿ. ರೂಢಿಯಂತೆ ನಾನೂ ಕ್ಯಾಲರಿ ಎಂದೇ ಕರೆಯುತ್ತೇನೆ. ಓಟದ ಖರ್ಚಿಗೆ ಒಂದು ಸುಲಭ ಲೆಕ್ಕವಿದೆ. ಸಮತಟ್ಟಾದ ನೆಲದಲ್ಲಿ ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಕ್ಯಾಲರಿ ಖರ್ಚಾಗುತ್ತದೆ. 60 ಕಿಲೋ ತೂಗುವವರು 10 ಕಿ.ಮೀ. ಓಡಿದರೆ ಸುಮಾರು 600 ಕ್ಯಾಲರಿ. ಜೋರಾಗಿ ಓಡಿದರೂ ನಿಧಾನವಾಗಿ ಓಡಿದರೂ ಈ ಮೊತ್ತ ಹೆಚ್ಚು ಬದಲಾಗುವುದಿಲ್ಲ. ಜೋರಾಗಿ ಓಡಿದರೆ ಬೇಗ ಮುಗಿಯುತ್ತದೆ, ಅಷ್ಟೆ. ಇನ್ನು ನಮ್ಮ ಮೈಯಲ್ಲಿ ಶೇಖರವಾಗಿರುವ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. 7,700ನ್ನು 60ರಿಂದ ಭಾಗಿಸಿ ನೋಡಿ. 128 ಬರುತ್ತದೆ. ಅಂದರೆ ಬೆಂಗಳೂರಿನಲ್ಲಿ ಹೊರಟು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ ಶ್ರೀರಂಗಪಟ್ಟಣ ಸೇರುವ ಹೊತ್ತಿಗೆ ಒಂದು ಕಿಲೋ ಕೊಬ್ಬು ಕರಗೀತು. ಅದೂ ದಾರಿಯಲ್ಲಿ ಮದ್ದೂರು ವಡೆಗೆ ಕೈ ಹಾಕದೆ ಇದ್ದರೆ!

ವಡೆಯ ಮಾತು ತಮಾಷೆಗೆ ಬಂತು, ಆದರೆ ವಿಷಯ ಅಲ್ಲೇ ಇದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ. 60 ಕಿಲೋದವರಿಗೆ ಅದು ಎರಡು ಕಿಲೋಮೀಟರ್ ಓಟ. ಭಾನುವಾರ ಹನ್ನೆರಡು ಕಿಲೋಮೀಟರ್ ಓಡಿ ಬಂದವರು "ಇವತ್ತು ಓಡಿದ್ದೇನೆ, ತಿನ್ನಬಹುದು" ಎಂದು ಒಂದು ತಟ್ಟೆ ಪೂರಿ, ಮೇಲೊಂದು ಸಿಹಿ, ಒಂದು ಬಾಟಲಿ ತಂಪು ಪಾನೀಯ ಮುಗಿಸಿದರೆ ಬೆಳಗಿನ ಖರ್ಚು ಬಹುಮಟ್ಟಿಗೆ ಅಲ್ಲೇ ಭರ್ತಿಯಾಗುತ್ತದೆ. ಕೈಗೆ ಕಟ್ಟಿಕೊಂಡ ಗಡಿಯಾರ 'ಇಷ್ಟು ಕ್ಯಾಲರಿ ಖರ್ಚು' ಎಂದು ತೋರಿಸುತ್ತದಲ್ಲ, ಅದನ್ನು ನಂಬಿ ತಿನ್ನುವವರೂ ಇದ್ದಾರೆ. ಆ ಅಂಕಿ ಒಂದು ಅಂದಾಜು ಮಾತ್ರ, ಸಾಕಷ್ಟು ತಪ್ಪಬಹುದು. ಇನ್ನೊಂದು ಸಂಗತಿಯನ್ನು ನಮ್ಮ ಹಾಸ್ಟೆಲಿನಲ್ಲೇ ಕಂಡಿದ್ದೇನೆ. ಬೆಳಿಗ್ಗೆ ಉದ್ದ ಓಟ ಮುಗಿಸಿದ ಹುಡುಗರು ಮಧ್ಯಾಹ್ನವಿಡೀ ಮಲಗಿರುತ್ತಾರೆ. ಎದುರಿನ ಅಂಗಡಿಗೆ ಹೋಗಲೂ ಸ್ನೇಹಿತನ ಸ್ಕೂಟರ್ ಬೇಕು.

ಇನ್ನು ತೂಕದ ಯಂತ್ರದ ವಿಚಾರ. ಹೊಸದಾಗಿ ತರಬೇತಿ ಶುರು ಮಾಡಿದವರ ತೂಕ ಮೊದಲ ಕೆಲವು ವಾರ ಒಂದೆರಡು ಕಿಲೋ ಏರುವುದೂ ಉಂಟು. ಆಗ ಗಾಬರಿಯಾಗುತ್ತದೆ. ಆದರೆ ಅದು ಕೊಬ್ಬಲ್ಲ. ಸ್ನಾಯುಗಳು ಮತ್ತು ಯಕೃತ್ತು ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಓಡುವುದು ಅಭ್ಯಾಸವಾದಂತೆ ಸ್ನಾಯುಗಳ ಈ ಶೇಖರಣೆ ಹೆಚ್ಚುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿರುವ ದ್ರವದ ಪ್ರಮಾಣವೂ ಹೆಚ್ಚುತ್ತದೆ. ಇವೆಲ್ಲ ತರಬೇತಿ ಮೈಗೆ ಹಿಡಿಯುತ್ತಿದೆ ಎಂಬುದರ ಗುರುತುಗಳು. ಇದಕ್ಕೆ ತಿರುಗುಮುರುಗಾಗಿ, ಓಟ ಮುಗಿದ ತಕ್ಷಣ ಯಂತ್ರ ಹತ್ತಿ "ಒಂದು ಕಿಲೋ ಹೋಯ್ತು" ಎಂದು ಹಿಗ್ಗುವವರಿದ್ದಾರೆ. ಹೋದದ್ದು ಬೆವರು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಅದನ್ನು ಕುಡಿದು ತುಂಬಿಕೊಳ್ಳಲೇಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದರೂ ಉತ್ತರ ಪೂರ್ತಿಯಾಗುವುದಿಲ್ಲ. ತಿನ್ನುವುದರಲ್ಲೂ ಎಚ್ಚರ, ಓಡುವುದರಲ್ಲೂ ಶ್ರದ್ಧೆ, ಆದರೂ ತೂಕ ಕದಲುವುದಿಲ್ಲ ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪೂರ್ವ ಆಫ್ರಿಕಾದ ತಾಂಜಾನಿಯಾದಲ್ಲಿ ಹಾಡ್ಜಾ ಎಂಬ ಬುಡಕಟ್ಟಿದೆ. ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು ಬದುಕುವವರು. ದಿನಕ್ಕೆ ಹಲವು ಕಿಲೋಮೀಟರ್ ನಡೆಯುತ್ತಾರೆ. ಹರ್ಮನ್ ಪಾಂಟ್ಸರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಮತ್ತು ಸಂಗಡಿಗರು ಇವರ ದಿನದ ಒಟ್ಟು ಶಕ್ತಿಯ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಜಲಜನಕ ಮತ್ತು ಆಮ್ಲಜನಕದ ಭಾರವಾದ ಐಸೊಟೋಪುಗಳಿರುವ ನೀರನ್ನು ಕುಡಿಸಿ, ಮುಂದಿನ ದಿನಗಳಲ್ಲಿ ಮೂತ್ರವನ್ನು ಪರೀಕ್ಷಿಸಿ ಅಳೆಯುವ ವಿಧಾನ ಅದು. ಮೈಗಾತ್ರದ ವ್ಯತ್ಯಾಸವನ್ನು ಕಳೆದು ನೋಡಿದಾಗ ಹಾಡ್ಜಾ ಜನರ ದಿನದ ಖರ್ಚು ಅಮೆರಿಕ, ಯುರೋಪಿನ ಜನರ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ!

ಇದು ಹೇಗೆ ಸಾಧ್ಯ? ದೇಹ ಒಂದು ಕಡೆ ಹೆಚ್ಚು ಖರ್ಚಾದಾಗ ಇನ್ನೊಂದು ಕಡೆ ಬಿಗಿ ಹಿಡಿಯುತ್ತದೆ ಎಂಬುದು ಪಾಂಟ್ಸರ್ ಅವರ ವಿವರಣೆ. ತಿಂಗಳ ಸಂಬಳದಲ್ಲಿ ಮನೆ ನಡೆಸುವ ತಾಯಿ ಮಗಳ ಫೀಸು ಕಟ್ಟಬೇಕಾದ ತಿಂಗಳು ಹಾಲು, ತರಕಾರಿಯಲ್ಲಿ ಕೈ ಹಿಡಿಯುವುದಿಲ್ಲವೇ, ಹಾಗೆ. ಎಷ್ಟರ ಮಟ್ಟಿಗೆ ಹೀಗಾಗುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಚರ್ಚೆಯಿದೆ. ಆದರೆ ಆಗುತ್ತದೆ ಎಂಬುದನ್ನು ಬಹಳ ಮಂದಿ ಒಪ್ಪುತ್ತಾರೆ. ಓಟ ಹೃದಯಕ್ಕೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು. ತೂಕ ಇಳಿಸುವ ಸಾಧನವಾಗಿ ಮಾತ್ರ ಅದು ನಾವೆಣಿಸಿದಷ್ಟು ಸಮರ್ಥವಲ್ಲ.

ಹಾಗಾದರೆ ಊಟ ಕಡಿಮೆ ಮಾಡಿದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ನನಗೂ ಹಾಗೇ ತೋಚಿತ್ತು.

2004ರ ಮಾತು. ಬಿ.ಎ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಅಂತರಕಾಲೇಜು ಗುಡ್ಡಗಾಡು ಓಟಕ್ಕೆ ತಯಾರಾಗುತ್ತಿದ್ದಳು. ರೈತರ ಮನೆಯ ಹುಡುಗಿ, ಹಾಸ್ಟೆಲಿನ ಊಟ, ವಾರಕ್ಕೆ ಐವತ್ತು ಕಿಲೋಮೀಟರ್ ಓಟ. ತೂಕ 54 ಕಿಲೋ. ಹಿಂದಿನ ವರ್ಷ ಗೆದ್ದವಳು ಕಡ್ಡಿಯಂತಿದ್ದಳು, ತಾನೂ 50ಕ್ಕೆ ಬರಬೇಕೆಂಬ ಹಟ. ಎರಡು ತಿಂಗಳು ಓಡಿದರೂ ಅರ್ಧ ಕಿಲೋ ಇಳಿದಿರಲಿಲ್ಲ. ನನ್ನ ಹತ್ತಿರ ಬಂದು ಕೇಳಿದಳು. ನಾನು ಬೇರೆ ಯಾರದೋ ಓಟದ ಸಮಯ ಬರೆದುಕೊಳ್ಳುತ್ತ, ತಲೆ ಕೂಡ ಎತ್ತದೆ ಹೇಳಿದೆ: "ರಾತ್ರಿ ಊಟ ಅರ್ಧ ಮಾಡಮ್ಮ, ಗುಡ್ಡ ಹತ್ತೋಕೆ ಹಗುರ ಆಗ್ತೀಯ."

ಹಗುರವಾದಷ್ಟೂ ಏರು ಹತ್ತುವುದು ಸುಲಭ ಎಂಬುದು ಸುಳ್ಳಲ್ಲ. ಮೊದಲ ಒಂದೂವರೆ ತಿಂಗಳು ನನ್ನ ಸಲಹೆ ಫಲಿಸಿದಂತೆಯೇ ಕಂಡಿತು. ತೂಕ ಇಳಿಯಿತು, ಸಮಯವೂ ಸುಧಾರಿಸಿತು. ನಾನು ಎಲ್ಲರ ಮುಂದೆ ಅವಳನ್ನು ಹೊಗಳಿದೆ. ಅವಳು ರಾತ್ರಿ ಊಟದ ಜೊತೆಗೆ ಬೆಳಗಿನ ತಿಂಡಿಯನ್ನೂ ಬಿಡತೊಡಗಿದ್ದು ನನಗೆ ಗೊತ್ತಿರಲಿಲ್ಲ. ಆಮೇಲೆ ಸಮಯ ಕೆಡುತ್ತ ಬಂತು. ಪದೇಪದೇ ನೆಗಡಿ. ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಕೊನೆಗೆ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯಲ್ಲಿ ನೋವು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂರು ವಾರ ಬಿಟ್ಟು ತೆಗೆದದ್ದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಬೀಳದೆ, ಏಟು ತಿನ್ನದೆ, ಬರೀ ಓಡಿ ಮೂಳೆ ಬಿರುಕು ಬಿಟ್ಟಿತ್ತು.

ವೈದ್ಯೆ ಆಕೆಯನ್ನು ಕೇಳಿದ ಮೊದಲ ಪ್ರಶ್ನೆ ಕಾಲಿನದಲ್ಲ. "ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗ್ತಿದೆಯೇನಮ್ಮ?" ಹುಡುಗಿ ನನ್ನ ಕಡೆ ನೋಡಿದಳು. ನಾನು ಹೊರಗೆ ಹೋಗಿ ಕುಳಿತೆ. ಐದು ತಿಂಗಳಿಂದ ನಿಂತುಹೋಗಿತ್ತಂತೆ. ಆಮೇಲೆ ಅವಳೇ ಹೇಳಿದಳು: "ಓಡೋಕೆ ಅನುಕೂಲ ಆಯ್ತು ಅಂದ್ಕೊಂಡಿದ್ದೆ ಸಾರ್."

ಅಮೆರಿಕದ ಕ್ರೀಡಾ ವೈದ್ಯರು ಕಡಿಮೆ ಊಟ, ನಿಂತ ಮುಟ್ಟು, ಸವೆದ ಮೂಳೆ ಈ ಮೂರರ ನಂಟನ್ನು 1990ರ ದಶಕದಲ್ಲೇ ಗುರುತಿಸಿ ಬರೆದಿದ್ದರು. ನಾನು ಓದಿರಲಿಲ್ಲ. ಇದು ಹುಡುಗಿಯರಿಗೆ ಮಾತ್ರ ಬರುವ ತೊಂದರೆಯಲ್ಲ, ಹುಡುಗರಿಗೂ ಬರುತ್ತದೆ, ಮೂಳೆಗಷ್ಟೇ ಅಲ್ಲ ಹೃದಯ, ರೋಗನಿರೋಧಕ ಶಕ್ತಿ, ಮನಸ್ಸು ಎಲ್ಲಕ್ಕೂ ತಾಗುತ್ತದೆ ಎಂದು 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನು ವಿಸ್ತರಿಸಿದರು. ಹುಡುಗರಲ್ಲಿ ಮುಟ್ಟಿನಂಥ ಹೊರಗುರುತು ಇಲ್ಲದಿರುವುದರಿಂದ ಪತ್ತೆಯಾಗುವುದು ಇನ್ನೂ ತಡ.

ಇದರ ಲೆಕ್ಕವನ್ನು ನೀವೇ ಹಾಕಬಹುದು. ಆ ಹುಡುಗಿಯ 54 ಕಿಲೋದಲ್ಲಿ ಕೊಬ್ಬನ್ನು ಕಳೆದರೆ ಉಳಿದದ್ದು ಸುಮಾರು 42 ಕಿಲೋ ಎಂದುಕೊಳ್ಳಿ. ದಿನಕ್ಕೆ 1,500 ಕ್ಯಾಲರಿ ತಿಂದು, 10 ಕಿ.ಮೀ. ಓಡಿ 540 ಕಳೆದರೆ ಮಿಕ್ಕದ್ದು 960. ಅದನ್ನು 42ರಿಂದ ಭಾಗಿಸಿದರೆ 23 ಬರುತ್ತದೆ. ಹೃದಯ ಬಡಿಯಲು, ಮೂಳೆ ಕಟ್ಟಲು, ಹಾರ್ಮೋನು ತಯಾರಿಸಲು, ಪಾಠ ಓದಲು ಇರುವುದು ಕಿಲೋಗೆ ಇಷ್ಟೇ. ಈ ಅಂಕಿ ಸುಮಾರು 45 ಇದ್ದರೆ ಚೆನ್ನ. 30ಕ್ಕಿಂತ ಕೆಳಗಿಳಿದರೆ ದೇಹ ಒಂದೊಂದೇ ಇಲಾಖೆಯ ಬಾಗಿಲು ಮುಚ್ಚುತ್ತದೆ ಎಂಬುದು ಸಂಶೋಧಕರ ಅಂದಾಜು. ಈ 30 ಎಲ್ಲರಿಗೂ ಒಂದೇ ಗೆರೆಯಲ್ಲ, ಆದರೆ ಎಚ್ಚರಿಕೆಗೆ ಸಾಕು. ಮೊದಲು ಮುಚ್ಚುವ ಇಲಾಖೆಗಳಲ್ಲಿ ಸಂತಾನಶಕ್ತಿಗೆ ಸಂಬಂಧಿಸಿದ್ದೂ ಒಂದು. ಈಸ್ಟ್ರೋಜನ್ ಹಾರ್ಮೋನು ಕುಗ್ಗಿದರೆ ಮೂಳೆಗೆ ಕಾವಲಿಲ್ಲ. ಬಾಳಿನುದ್ದಕ್ಕೂ ಬೇಕಾದ ಮೂಳೆಯ ಬಲವನ್ನು ನಾವು ಬಹುಪಾಲು ಕೂಡಿಹಾಕುವುದು ನಿಮ್ಮ ಈ ವಯಸ್ಸಿನಲ್ಲೇ.

ದೊಡ್ಡ ದೇಶಗಳ ದೊಡ್ಡ ತರಬೇತಿ ಕೇಂದ್ರಗಳಲ್ಲೂ ಹೀಗಾಗಿದೆ. ಅಮೆರಿಕದ ಮೇರಿ ಕೇನ್ 17ನೆಯ ವಯಸ್ಸಿಗೆ, 2013ರಲ್ಲಿ, ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನ 1,500 ಮೀಟರ್ ಅಂತಿಮ ಸ್ಪರ್ಧೆಯಲ್ಲಿ ಓಡಿದವರು. ತೂಕ ಇಳಿಸಬೇಕೆಂಬ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆಗಳು ಮುರಿದವು ಎಂದು 2019ರಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡರು.

ಇನ್ನೊಂದು ಕಡೆ ಕೆನ್ಯಾ ದೇಶದ ಇಟೆನ್ ಊರಿನ ಸುತ್ತಮುತ್ತಲ ಓಟಗಾರರನ್ನು ನೋಡಿ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಊರು. ಅವರ ಮುಖ್ಯ ಆಹಾರ ಉಗಾಲಿ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸುವುದು. ಬಿಳಿಯ ಮುದ್ದೆ ಎಂದರೆ ನಿಮಗೆ ಸರಿಯಾಗಿ ತಿಳಿಯುತ್ತದೆ. ಜೊತೆಗೆ ಸೊಪ್ಪು, ಹುರುಳಿಕಾಯಿ ಬೀಜ, ಹಾಲು, ಸಕ್ಕರೆ ಹಾಕಿದ ಚಹಾ. ಅಲ್ಲಿನ ಅಗ್ರ ಓಟಗಾರರ ಆಹಾರವನ್ನು ಅಳೆದಾಗ ಮುಕ್ಕಾಲು ಪಾಲು ಶಕ್ತಿ ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿತ್ತು. ಅವರು ತೆಳ್ಳಗಿದ್ದಾರೆ, ನಿಜ. ಮುದ್ದೆ ಬಿಟ್ಟು ತೆಳ್ಳಗಾದವರಲ್ಲ. ನಮ್ಮ ರಾಗಿಯಲ್ಲಂತೂ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ತೂಕ ಇಳಿಸಬೇಕೆಂದ ಕೂಡಲೇ ನಮ್ಮ ಮಕ್ಕಳು ಮೊದಲು ಬಿಡುವುದು ಈ ಮುದ್ದೆಯನ್ನು, ಸಂಜೆಯ ಬೋಂಡವನ್ನಲ್ಲ. ಇದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಿಜವಾಗಿಯೂ ತೂಕ ಹೆಚ್ಚಿದೆ, ವೈದ್ಯರೂ ಹೌದು ಎಂದಿದ್ದಾರೆ ಎನ್ನುವವರು ಏನು ಮಾಡಬೇಕು? ಸ್ಪರ್ಧೆ ಹತ್ತಿರವಿರುವ ತಿಂಗಳುಗಳಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಸ್ಪರ್ಧೆಗಳು ಮುಗಿದ ಮೇಲೆ, ದಿನಕ್ಕೆ ಇನ್ನೂರು ಮುನ್ನೂರು ಕ್ಯಾಲರಿಯಷ್ಟು ಮಾತ್ರ, ಅದೂ ಕರಿದದ್ದು, ಸಿಹಿ ಪಾನೀಯಗಳಲ್ಲಿ ಕಡಿಮೆ ಮಾಡಿ. ಬೇಳೆ, ಕಾಳು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವುಗಳಿಗೆ ಕತ್ತರಿ ಬೇಡ. ಸ್ನಾಯು ಉಳಿಯುವುದು ಅವುಗಳಿಂದ. ವಾರಕ್ಕೆ ಎರಡು ದಿನ ಬಸ್ಕಿ, ದಂಡ ಹೊಡೆಯಿರಿ. ವಾರಕ್ಕೆ ಕಾಲು ಕಿಲೋ ಇಳಿದರೆ ಅದೇ ಸಾಕು. ಯಂತ್ರ ಹತ್ತುವುದಿದ್ದರೆ ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದ ಕೂಡಲೇ. ಇನ್ನೂ ಎತ್ತರ ಬೆಳೆಯುತ್ತಿರುವ ಹೈಸ್ಕೂಲು ಮಕ್ಕಳು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಲೇಬಾರದು. ಸದಾ ಸುಸ್ತು ಎನ್ನುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅಂಥವರ ಓಟ ನಿಧಾನವಾದರೆ ಅದಕ್ಕೆ ತೂಕ ಕಾರಣವಲ್ಲ.

ಮುಟ್ಟು ಎರಡು ಮೂರು ತಿಂಗಳು ತಪ್ಪಿದರೆ ಹುಡುಗಿಯರು ತಾಯಿಗೋ, ಅಕ್ಕನಿಗೋ, ಅಧ್ಯಾಪಕಿಗೋ ಹೇಳಿ ವೈದ್ಯರನ್ನು ಕಾಣಬೇಕು. ನನ್ನಂಥ ತರಬೇತುದಾರರು ಈ ಕಾರ್ಯಕ್ರಮ ನೋಡುತ್ತಿದ್ದರೆ ಅವರಿಗೂ ಒಂದು ವಿನಂತಿ. ನಾವು ಗಂಡಸರು ಕೇಳಲು ಸಂಕೋಚವಾದರೆ ಕೇಳಬಲ್ಲ ಒಬ್ಬ ಅಧ್ಯಾಪಕಿಯನ್ನು ತಂಡದ ಜೊತೆಗಿಟ್ಟುಕೊಳ್ಳೋಣ.

ಆ ಹುಡುಗಿಗೆ ಆ ವರ್ಷದ ಸ್ಪರ್ಧೆ ತಪ್ಪಿತು. ಮೂರು ತಿಂಗಳು ಓಡಲಿಲ್ಲ. ವೈದ್ಯೆಯ ಚೀಟಿ ತೆಗೆದುಕೊಂಡು ಹಾಸ್ಟೆಲಿನ ವಾರ್ಡನ್ ಅವರನ್ನು ಕಂಡು, ಬೆಳಿಗ್ಗೆ ಓಡುವವರಿಗೆ ಐದು ಗಂಟೆಗೇ ಒಂದು ಬಾಳೆಹಣ್ಣು, ಒಂದು ಲೋಟ ರಾಗಿ ಗಂಜಿ ಸಿಗುವಂತೆ ಏರ್ಪಾಡು ಮಾಡಿಕೊಂಡೆ. ಮುಟ್ಟು ಸರಿಹೋಗಲು ಏಳು ತಿಂಗಳು ಹಿಡಿಯಿತೆಂದು ಆಮೇಲೆ ನಮ್ಮ ಅಧ್ಯಾಪಕಿಯೊಬ್ಬರಿಂದ ತಿಳಿಯಿತು. ಕೊನೆಯ ವರ್ಷ ಮತ್ತೆ ಗುಡ್ಡಗಾಡು ಓಟದಲ್ಲಿ ಓಡಿ ಒಂಬತ್ತನೆಯವಳಾಗಿ ಬಂದಳು. ಆಗ ಅವಳ ತೂಕವೆಷ್ಟಿತ್ತೋ ನಾನು ಕೇಳಲಿಲ್ಲ.